ಫಕೀರವ್ವಜ್ಜಿ ಒಡೆಯಬೇಕಾದ ಬೀಗ

ಬೆಣಚಿಹಾಳ, ಫೆಬ್ರವರಿ ೩೦, ೨೨೪೧

ಬೆಣಚಿಹಾಳ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಪೂಜ್ಯ ಫಕೀರವ್ವಜ್ಜಿಗೆ, ನಿಮ್ಮ ಮೊಮ್ಮಗಳು ಶಿವಲೀಲಾಳ ವಂಶದ ಚಂಪಕಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ, ನಾನು ಬರೆಯುತ್ತಿರುವುದು ನಿಮ್ಮ ಕಾಲಕ್ಕಿಂತ ಇನ್ನೂರು ವರ್ಷ ಮುಂದಿನಿಂದ. ಪಾಪ ಎಂದು ಫೆಬ್ರವರಿಗೂ ನಾವು ಮೂವತ್ತು ದಿನ ಕೊಟ್ಟಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ, ಶಿವಲೀಲಾಳಿಂದ ಓದಿಸಿಕೊಳ್ಳಿ.

ನಾಳೆ ನಮ್ಮೂರಲ್ಲಿ ಬೀಗದ ಹಬ್ಬ. ಮನೆಮನೆಯಲ್ಲೂ ಹೋಳಿಗೆಯ ಗಮಗಮ. ಇಲ್ಲಿ ಪ್ರತಿ ನಲ್ಲಿಗೂ ಒಂದು ಹನಿಗಾವಲು ನೇತಾಡುತ್ತದೆ. ಅದೊಂದು ಗಾಜಿನ ಗೋಲಿ, ನೀರು ಕೆಟ್ಟರೆ ಕೆಂಪಾಗುತ್ತದೆ. ಅದು ಕೆಂಪಾದದ್ದನ್ನು ನಾನಂತೂ ಕಂಡಿಲ್ಲ. ಮಕ್ಕಳು ಮಾತ್ರ ಅದಕ್ಕೆ ಕುಂಕುಮ ಬಳಿದು ಹಿರಿಯರನ್ನು ಬೆಚ್ಚಿಬೀಳಿಸುತ್ತಾರೆ. ಶೌಚಾಲಯಕ್ಕೆ ನಾವು ನಿರಾಳಮನೆ ಎನ್ನುತ್ತೇವೆ. ಹಬ್ಬದ ದಿನ ಶಾಲೆಯ ನಿರಾಳಮನೆಗೆ ಬೀಗ ಜಡಿದು, ಹೊಸದಾಗಿ ಶಾಲೆ ಸೇರಿದ ಹುಡುಗಿಯ ಕೈಗೆ ಚಟ್ನಿ ಅರೆಯುವ ಗುಂಡುಕಲ್ಲು ಕೊಡುತ್ತೇವೆ. ಅವಳು ಒಡೆಯುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ. ಗುರಿ ತಪ್ಪಿದಷ್ಟೂ ಕೆಲವರ ಮುಖ ನೋಡಬೇಕು! ಈ ಸಲ ನನ್ನ ಮಗಳ ಸರದಿ. ಅವಳ ಅಭ್ಯಾಸಕ್ಕೆ ಸಿಕ್ಕಿ ನನ್ನ ಅಡುಗೆಮನೆಯ ಡಬ್ಬಿ ಒಂದೂ ನೆಟ್ಟಗೆ ಉಳಿದಿಲ್ಲ.

ಇದೆಲ್ಲ ಶುರುವಾಗುವುದು ನಿಮ್ಮ ಕಾಲದ ನಾಳೆ, ನಿಮ್ಮ ಕೈಯಿಂದ. ನಿಮ್ಮೂರ ಹಿರಿಯರು ಕೆಟ್ಟವರಲ್ಲ. ಶಾಲೆಗೆ ಶುದ್ಧ ನೀರು ಬಂತು, ಬಿಳಿ ಟೈಲ್ಸಿನ ಶೌಚಾಲಯವೂ ಬಂತು. ಇಷ್ಟು ಚೆಂದದ್ದು ಹೊಲಸಾಗಬಾರದು, ಸಾಹೇಬರು ಬಂದಾಗ ತೋರಿಸಬೇಕು ಎಂದು ಅವರು ಬೀಗ ಹಾಕಿಟ್ಟರು. ಹೋಗಲು ಜಾಗವಿಲ್ಲದ ಹುಡುಗಿಯರು ಆ ಒಳ್ಳೆಯ ನೀರನ್ನೇ ಕುಡಿಯುವುದನ್ನು ಬಿಟ್ಟರು. ಒಣಗಿದ ಬಾಯಲ್ಲಿ ಕೂತು ಕೂತು ಶಿವಲೀಲಾ ಇಂದು ತಲೆ ಸುತ್ತಿ ಬಿದ್ದಿದ್ದಾಳೆ, ಇನ್ನು ಶಾಲೆಯೇ ಬೇಡ ಎನ್ನುತ್ತಿದ್ದಾಳೆ. ಅವಳು ಶಾಲೆ ಬಿಟ್ಟರೆ ಈ ಊರಿಗೆ ಮೊದಲ ಶಿಕ್ಷಕಿ ಸಿಗುವುದಿಲ್ಲ. ನನಗೂ ಅಕ್ಷರವಿಲ್ಲ, ಈ ಪತ್ರವೂ ಇಲ್ಲ.

ನಾಳೆ ಹಿರಿಯರೆದುರು ನೀವು ಆಡುವ ಮಾತು ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ: “ಸಾಹೇಬ್ರಿಗೆ ವರ್ಸಕ್ಕೊಮ್ಮೆ ಬೇಕ್ರಿ, ನಮ್ಮ ಹುಡುಗ್ಯಾರಿಗೆ ದಿನಾ ಬೇಕು! ಸರೀರಿ ಆಚಿ!” ಅದನ್ನು ಹೇಳುವಾಗ ನನಗೆ ಈಗಲೂ ಹೆಮ್ಮೆಯಿಂದ ಕಣ್ಣು ತುಂಬುತ್ತದೆ. ಧೈರ್ಯ ಎಲ್ಲಿಂದ ಬಂತೋ ತಿಳಿಯದು ಎಂದು ಆಮೇಲೆ ನೀವು ಹೇಳುತ್ತಿದ್ದಿರಂತೆ. ಇಲ್ಲಿಂದ ಬಂತು, ಅಜ್ಜಿ.

ನಿಮ್ಮ ಗುಂಡುಕಲ್ಲಿನ ಮೊದಲ ಏಟು ಬೀಗಕ್ಕಲ್ಲ, ಗೋಡೆಗೆ ಬೀಳುತ್ತದೆ. ಆ ಒಡೆದ ಟೈಲನ್ನು ನಾವು ಇಂದಿಗೂ ಹಾಗೇ ಉಳಿಸಿಕೊಂಡಿದ್ದೇವೆ. ಹೆದರಬೇಡಿ, ಇನ್ನೊಂದು ಹೊಡೆಯಿರಿ. ಬೀಗ ಬಿದ್ದ ಮೇಲೆ ಶಿವಲೀಲಾಳ ಕೈಗೆ ತುಂಬಿದ ತಂಬಿಗೆ ನೀರು ಕೊಟ್ಟು, ಅವಳು ಪೂರ್ತಿ ಕುಡಿಯುವವರೆಗೂ ಅಲ್ಲೇ ನಿಂತಿರಿ.