ಆರಿಹೋದ ಕೆಂಪು ದೀಪ

ದೇವಸಂದ್ರ, ಕೆ.ಆರ್. ಪುರಂ
ಬುಧವಾರ, ೧೨ ನವೆಂಬರ್ ೨೦೨೫

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕಾಲಿನ ಊತ ಇಳಿಯಿತೇ? ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೊಳ್ಳಬೇಕೆಂದು ಅಮ್ಮ ನೂರು ಸಲ ಹೇಳಿದ್ದಾಳೆ, ನೀನು ಇಡುವುದಿಲ್ಲವೆಂದು ನನಗೆ ಗೊತ್ತು. ಒಳಗಿರುವವರು ಈಗಲೂ ಊಟದ ಹೊತ್ತಿಗೇ ಸರಿಯಾಗಿ ಒದೆಯುತ್ತಾರಾ? ನಾವೆಲ್ಲ ಚೆನ್ನಾಗಿದ್ದೇವೆ. ಅಜ್ಜಿಗೆ ಕಣ್ಣಿನ ಆಪರೇಷನ್ ಆದಮೇಲೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದೆಯಂತೆ. ನನ್ನನ್ನು ನೋಡಿ, 'ಇಷ್ಟೊಂದ್ ಸೊರಗೋಗಿದ್ಯಲ್ಲೋ, ಮೊದ್ಲೇ ಯಾರೂ ಹೇಳ್ಲಿಲ್ವಲ್ಲ' ಎಂದಳು. ಫೋನ್ ಇರುವಾಗ ಕಾಗದವೇಕೆಂದು ನೀನು ನಗುತ್ತಿರಬಹುದು. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ಅಲ್ಲದೆ ನಿನ್ನ ಫೋನನ್ನು ಮೊದಲು ಎತ್ತುವವರು ನಿಮ್ಮತ್ತೆ. ಮೆಸೇಜು ಬಂದರೆ ಭಾವ ಗಟ್ಟಿಯಾಗಿ ಓದುತ್ತಾರೆ. ಪಕ್ಕದ ಮನೆಯ ಮುನಿಲಕ್ಷ್ಮಮ್ಮ ನಾಳೆ ನಿಮ್ಮ ಮುಳಬಾಗಿಲಿಗೇ ತಮ್ಮ ತಂಗಿಯ ಮನೆಗೆ ಹೊರಟಿದ್ದಾರೆ. ಕೋಡುಬಳೆ ಡಬ್ಬಿಯ ಜೊತೆ ಇದನ್ನೂ ನಿನ್ನ ಕೈಗೇ ಕೊಡಿ ಎಂದು ಕೇಳಿಕೊಂಡಿದ್ದೇನೆ. ಒಬ್ಬಳೇ ಇದ್ದಾಗ ಓದು.

ಭಾನುವಾರ ಅಪ್ಪ ನಿನ್ನನ್ನು ಬಾಣಂತನಕ್ಕೆ ಕರೆತರಲು ಕಾರಿನಲ್ಲಿ ಬರುತ್ತಾರೆ. ಆ ಕಾರಿನ ಬಗ್ಗೆಯೇ ಬರೆಯಬೇಕಾಗಿದೆ. ಸೀಮಂತದ ದಿನ ನಿಮ್ಮತ್ತೆ ಪಾಯಸ ಬಡಿಸುತ್ತಾ, 'ಬಸ್ರಿ ಹೆಂಗ್ಸನ್ನ ಬಸ್ಸಲ್ಲಿ ಕರ್ಕೊಂಡೋಗ್ತೀರಾ ಬೀಗ್ರೇ? ಕಂಡಕ್ಟ್ರು ಎರಡ್ ಟಿಕೆಟ್ ಹರೀತಾನೆ!' ಎಂದರಲ್ಲ, ಆಗ ಎಲ್ಲರಿಗಿಂತ ಜೋರಾಗಿ ನಕ್ಕವರು ಅಪ್ಪನೇ. ಮನೆಗೆ ಬಂದವರು ಮೂರು ದಿನ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೇ ದಿನ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಮೂವತ್ತೆರಡು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅನ್ನ ಬಸಿದು, ಕಾರ್ಖಾನೆಯ ಬಸ್ಸಿನಲ್ಲೇ ಹೋಗಿ ಬಂದವರು ಅರುವತ್ತೊಂದರಲ್ಲಿ ಕ್ಲಚ್ಚು ಗೇರು ಕಲಿತದ್ದನ್ನು ನೀನು ನೋಡಬೇಕಿತ್ತು. ಊಟಕ್ಕೆ ಕೂತಾಗಲೂ ಎಡಗಾಲು ತಾನಾಗಿ ಒತ್ತುತ್ತಿರುತ್ತಿತ್ತು. ಎರಡನೇ ಸಲಕ್ಕೆ ಲೈಸೆನ್ಸ್ ಸಿಕ್ಕಿತು.

ಕಾರು ಕೊಡಿಸಿದವನು ಹೊರಮಾವಿನ ಬ್ರೋಕರ್ ದತ್ತು. ಹನ್ನೊಂದು ವರ್ಷ ಹಳೆಯ ಬಿಳಿ ಕಾರು. ಕೀ ತಿರುಗಿಸಿದಾಗ ಮೀಟರಿನ ದೀಪಗಳೆಲ್ಲ ಒಮ್ಮೆ ಹೊತ್ತಿ, ಇಂಜಿನ್ ಶುರುವಾದೊಡನೆ ಆರಬೇಕಂತೆ. ನಮ್ಮದರಲ್ಲಿ ಒಂದು ಹಳದಿ ದೀಪ ಆರಲೇ ಇಲ್ಲ. ಅಪ್ಪ ಕೇಳಿದ್ದಕ್ಕೆ ದತ್ತು, 'ಅದು ಸೆನ್ಸರ್ ಅಂಕಲ್, ಹಳೇ ಗಾಡಿಲೆಲ್ಲಾ ಇರುತ್ತೆ. ದೃಷ್ಟಿಬೊಟ್ಟು ಅಂದ್ಕೊಳ್ಳಿ' ಎಂದ. ಅಪ್ಪನಿಗೆ ಆ ಮಾತು ಬಹಳ ಹಿಡಿಸಿತು. ಕಾರು ನೋಡಲು ಬಂದ ಎಲ್ಲರಿಗೂ ಅದನ್ನೇ ಹೇಳಿದರು. ನಾನು ಮಾತ್ರ ಪಕ್ಕದಲ್ಲಿ ಕೂತಾಗಲೆಲ್ಲ ರಸ್ತೆ ನೋಡುವುದನ್ನು ಬಿಟ್ಟು ಮೀಟರನ್ನೇ ನೋಡುತ್ತಿದ್ದೆ. ಇಂದಿರಾನಗರದ ಸಿಗ್ನಲ್ಲಿನಲ್ಲಿ ಒಮ್ಮೆ ಬ್ಯಾಟರಿಯ ದೀಪ ಹೊತ್ತಿತು; ತಂತಿಗೆ ಹಿಡಿದಿದ್ದ ಬಿಳಿ ಪುಡಿ ಉಜ್ಜಿ ತಿರುಪು ಬಿಗಿ ಮಾಡಿದ ಮೇಲೆ ಹೋಯಿತು. ಇನ್ನೊಮ್ಮೆ ಹಲಸೂರಿನಲ್ಲಿ ಶಾಖದ ಮುಳ್ಳು ಮೇಲೇರಿತು. ಅಪ್ಪ ಗಾಬರಿಯಲ್ಲಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದರು. ಬಿಸಿಯಾಗಿರುವಾಗ ಅದನ್ನು ತೆಗೆಯಬಾರದೆಂದು ಪಾನ್ ಅಂಗಡಿಯವನು ಓಡಿಬಂದು ತಡೆದ. ಇಲ್ಲದಿದ್ದರೆ ಮುಖವೇ ಸುಡುತ್ತಿತ್ತು. ಅಮ್ಮನಿಗೆ ಇದನ್ನು ಹೇಳಿಲ್ಲ.

ಹತ್ತು ದಿನದ ಕೆಳಗೆ ಕೆಂಪು ದೀಪ ಬಂತು. ದುಂಡಗಿನ ಗೆರೆಯೊಳಗೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಮೊದಲು ತಿರುವುಗಳಲ್ಲಿ ಮಿನುಗಿ ಆರುತ್ತಿತ್ತು, ಆಮೇಲೆ ನಿಂತೇಬಿಟ್ಟಿತು. ಹ್ಯಾಂಡ್ ಬ್ರೇಕ್ ಎಳೆದಾಗಲೂ ಅದೇ ದೀಪ ಬರುವುದರಿಂದ ಅಪ್ಪ ಆ ಹಿಡಿಯನ್ನು ಹತ್ತು ಸಲ ಎತ್ತಿ ಇಳಿಸಿ, 'ಇಳ್ಸಿದೀನಲ್ಲೋ, ಇನ್ನೇನ್ ಬೇಕಂತೆ ಇದಕ್ಕೆ?' ಎಂದು ರೇಗಿದರು. ಕೊನೆಗೆ ಕಾರಿನ ಜೊತೆ ಬಂದಿದ್ದ ಕೈಪಿಡಿಯನ್ನು ನನ್ನ ತೊಡೆಯ ಮೇಲೆ ಹಾಕಿದರು. 'ಎಂ.ಎ. ಮಾಡಿದೀಯಲ್ಲ, ಓದಿ ಹೇಳು.' ಬ್ರೇಕಿನ ಎಣ್ಣೆ ಕಡಿಮೆಯಾದರೂ ಅದೇ ದೀಪ ಹೊತ್ತುತ್ತದೆಂದು ಅದರಲ್ಲಿತ್ತು. ಬಾನೆಟ್ ಎತ್ತಿ ನೋಡಿದರೆ ಪುಟ್ಟ ಡಬ್ಬಿಯಲ್ಲಿ ಎಣ್ಣೆ ಕೆಳಗಿನ ಗೆರೆಗಿಂತಲೂ ಇಳಿದಿತ್ತು. ಕಳೆದ ಗುರುವಾರ ನಾನು ಅದನ್ನು ಮೇಲಿನ ಗೆರೆಯವರೆಗೆ ತುಂಬಿದೆ. ದೀಪ ಆರಿತು. ಅಪ್ಪ ಬೀದಿಯವರಿಗೆಲ್ಲ ಕೇಳುವಂತೆ, 'ಮೆಕ್ಯಾನಿಕ್ ಬೇಕಿಲ್ಲ, ನನ್ ಮಗ ಓದ್ಕೊಂಡು ಸರಿ ಮಾಡ್ದ' ಎಂದರು. ಅಕ್ಕಾ, ನಾನು ಓದಿದ್ದರ ಬಗ್ಗೆ ಅಪ್ಪ ಹೆಮ್ಮೆಯಿಂದ ಮಾತಾಡಿದ್ದು ಅದೇ ಮೊದಲು. ಆ ಸಂಜೆ ನಾನು ಎರಡು ತಟ್ಟೆ ಅನ್ನ ಉಂಡೆ.

ನಿನ್ನೆ ಕೆ.ಆರ್. ಪುರಂ ತೂಗುಸೇತುವೆ ಇಳಿಯುವಾಗ ಮುಂದಿದ್ದ ಬಸ್ಸು ತಟ್ಟನೆ ನಿಂತಿತು. ಅಪ್ಪ ಬ್ರೇಕ್ ಒತ್ತಿದರು, ಪೆಡಲು ಕೆಸರಿಗೆ ಕಾಲಿಟ್ಟ ಹಾಗೆ ಕೆಳಗೆ ಹೋಯಿತು. ಎರಡನೇ ಸಲ ಒತ್ತಿದಾಗ ಕಾರು ನಿಂತಿತು. ಬಸ್ಸಿನ ಹಿಂಭಾಗದ ಧೂಳಿನ ಮೇಲೆ ಯಾರೋ ಬೆರಳಿನಲ್ಲಿ ಬರೆದಿದ್ದ ಹೆಸರನ್ನು ನಾನು ಓದುವಷ್ಟು ಹತ್ತಿರವಾಗಿತ್ತು. ಅಪ್ಪ ನನ್ನ ಕಡೆ ನೋಡಲಿಲ್ಲ. 'ಹೊಸಾ ಎಣ್ಣೆ ಅಲ್ವಾ, ಕೂತ್ಕೋಬೇಕು' ಎಂದರು. ಮೀಟರಿನಲ್ಲಿ ಕೆಂಪು ದೀಪ ಇರಲಿಲ್ಲ. ಅದು ಇದ್ದಿದ್ದರೇ ಚೆನ್ನಾಗಿತ್ತು ಎಂದು ನನಗೆ ಆಗ ಅನ್ನಿಸಿತು.

ಭಾನುವಾರಕ್ಕೆ ನಿನ್ನ ಬಟ್ಟೆ, ಆಸ್ಪತ್ರೆಯ ಫೈಲು ಸಿದ್ಧ ಮಾಡಿಟ್ಟುಕೋ. ಅಮ್ಮ ನಿನಗೆಂದು ಒಳಕೋಣೆಗೆ ಸುಣ್ಣ ಹೊಡೆಸಿದ್ದಾಳೆ. ಅಜ್ಜಿ ಹಳೆಯ ಸೀರೆಗಳನ್ನು ಒಗೆದು ಮಗುವಿಗೆ ಮೆತ್ತನೆಯ ಬಟ್ಟೆ ಹರಿದಿಟ್ಟಿದ್ದಾಳೆ. ಭಾವನಿಗೆ, ನಿಮ್ಮತ್ತೆಗೆ ನನ್ನ ನಮಸ್ಕಾರ ತಿಳಿಸು. ನೀನು ಹುಷಾರು, ಒಳಗಿರುವವರಿಗೂ ಹುಷಾರು ಹೇಳು.

ನಿನ್ನ ತಮ್ಮ,
ಭೀಮೇಶ್

ತಾ.ಕ.: ಕಾರು ಹತ್ತಬೇಡ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು, ಬರೆಯಲಾಗಲಿಲ್ಲ. ನಾನು ಆ ಡಬ್ಬಿಗೆ ಸುರಿದದ್ದು ಬ್ರೇಕಿನ ಎಣ್ಣೆಯಲ್ಲ. ಅಂಗಡಿಯಲ್ಲಿ ಕೇಳಲು ನಾಚಿಕೆಯಾಗಿ, ದತ್ತು ಡಿಕ್ಕಿಯಲ್ಲಿ ಬಿಟ್ಟಿದ್ದ ಇಂಜಿನ್ ಆಯಿಲ್ ಸುರಿದೆ. ಎಣ್ಣೆ ಎಂದರೆ ಎಣ್ಣೆ ಎಂದುಕೊಂಡೆ. ಇಂದು ಬೆಳಿಗ್ಗೆ ಕಾರಿನ ಪಕ್ಕದ ಕನ್ನಡಿ ತರಲು ಶಿವಾಜಿನಗರದ ಬಿಡಿಭಾಗದ ಅಂಗಡಿಗೆ ಹೋಗಿದ್ದೆ. ಅಲ್ಲಿ ತನ್ನ ತಂದೆಯ ಗಲ್ಲಾದಲ್ಲಿ ಕೂರುವ ಮಹೀನ್ ಎಂಬ ಹುಡುಗಿಯನ್ನು, ಬೇರೆ ಯಾರದೋ ಕಾರಿನ ಸುದ್ದಿಯೆಂಬಂತೆ, ಹೀಗೆ ಸುರಿದರೆ ಏನಾಗುತ್ತದೆಂದು ಕೇಳಿದೆ. 'ಯಾ ಅಲ್ಲಾ! ಒಳಗಿನ ರಬ್ಬರೆಲ್ಲಾ ಊದ್ಕೊಂಡ್ಬಿಡುತ್ತೆ. ಬ್ರೇಕು ಇವತ್ತು ಹಿಡಿಯುತ್ತೆ, ನಾಳೆ ಹಿಡಿಯಲ್ಲ' ಎಂದಳು. ದೀಪ ಆರಿದೆಯಲ್ಲ ಎಂದೆ. 'ಡಬ್ಬಿ ತುಂಬಿದ್ಯಾ ಅಂತ ಮಾತ್ರ ದೀಪ ನೋಡೋದು ಭಾಯ್. ಏನ್ ತುಂಬಿದೀರಾ ಅಂತ ಅದಕ್ಕೇನ್ ಗೊತ್ತು? ಮೊದ್ಲು ಯಾಕ್ ಕಮ್ಮಿ ಆಯ್ತು? ಎಲ್ಲೋ ಸೋರ್ತಿದೆ. ಆ ಗಾಡಿ ಓಡಿಸ್ಬೇಡಿ, ತಳ್ಕೊಂಡೂ ಹೋಗ್ಬೇಡಿ, ಲಾರಿ ಮೇಲೆ ಹಾಕ್ಸಿ ಗ್ಯಾರೇಜಿಗೆ ಕಳ್ಸಿ' ಎಂದು ನನ್ನ ಮುಖವನ್ನೇ ನೋಡಿದಳು. ಅದು ಯಾರ ಕಾರೆಂದು ಅವಳಿಗೆ ತಿಳಿದುಹೋಗಿತ್ತು.

ಅಪ್ಪನಿಗೆ ಹೇಳದೆಯೇ ನಿನ್ನನ್ನು ತಡೆದುಬಿಡೋಣ, ಕಾರಿನ ವಾಸನೆ ಆಗುವುದಿಲ್ಲವೆಂದು ನೀನೇ ಹಟ ಹಿಡಿದರೆ ಆಯಿತು ಎಂದುಕೊಂಡು ಈ ಕಾಗದ ಶುರುಮಾಡಿದೆ. ಇಷ್ಟು ಬರೆದ ಮೇಲೆ ಹೊಳೆಯುತ್ತಿದೆ, ನಿನ್ನ ಬಾಗಿಲಿಗೆ ಬರುವ ತನಕ ಅಪ್ಪ ಒಬ್ಬರೇ ಅದರಲ್ಲಿರುತ್ತಾರೆ. ಈಗ ಹೊರಗೆ ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ್ದಾರೆ, ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಂತೆ. 'ಭೀಮಾ, ಕೀ ಎಲ್ಲಿಟ್ಯೋ?' ಎಂದು ಮೂರನೇ ಸಲ ಕೂಗುತ್ತಿದ್ದಾರೆ. ಕೀ ನನ್ನ ಜೇಬಿನಲ್ಲಿದೆ. ಹೇಳಲು ಹೋಗುತ್ತಿದ್ದೇನೆ. ಭಾನುವಾರ ಬಾಡಿಗೆ ಗಾಡಿಯಲ್ಲೋ ಬಸ್ಸಿನಲ್ಲೋ ಬರುತ್ತೇವೆ. ಅಲ್ಲಿ ಯಾರು ಏನು ಕೇಳಿದರೂ ಕಾರು ಕೆಡಿಸಿದವನು ತಮ್ಮ ಎಂದು ಹೇಳು. ಅಪ್ಪ ಚೆನ್ನಾಗಿಯೇ ಓಡಿಸುತ್ತಿದ್ದರು.