ಅಳಲು ಕಲಿತ ಯಂತ್ರ

ಮಂಗಳವಾರ, ಹದಿನಾರನೇ ತಾರೀಕು

ನನ್ನ ಮುದ್ದು ಗುಂಡಮ್ಮನಿಗೆ,

ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೇನೆ, ಬೈದುಕೋ. ಈ ಮನೆಯಲ್ಲಿ ನನ್ನನ್ನು ಸಲಿಗೆಯಿಂದ ಬೈಯುವವರು ಈಗ ಯಾರೂ ಇಲ್ಲ. ನಿನ್ನ ಮಂಡಿನೋವು ಹೇಗಿದೆ? ಮೊಮ್ಮಗಳಿಗೆ ಹಲ್ಲು ಬಂತಂತೆ, ಇನ್ನು ನಿನ್ನ ಮೂಗಿಗೆ ಉಳಿಗಾಲವಿಲ್ಲ ಬಿಡು.

ನಿನ್ನ ಭಾವನ ವಿಷಯ ಕೇಳಿದ್ದೀಯ. ಚಿತ್ರಮಂದಿರದಲ್ಲಿ ಅವರು ಮೇಲೆ ಪ್ರೊಜೆಕ್ಟರ್ ಓಡಿಸುತ್ತಾ, ನಾನು ಕೆಳಗೆ ಟಿಕೆಟ್ ಕೊಡುತ್ತಾ ಇದ್ದಾಗ ಬಂದ ಆ ಬಾಹ್ಯಾಕಾಶದ ಸಿನಿಮಾ ನೆನಪಿದೆಯಾ? ನಾಯಕ ಮನುಷ್ಯನೋ ಯಂತ್ರವೋ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊನೆಯ ರೀಲಿನಲ್ಲಿ ಗೆಳೆಯನ ಹೆಣದ ಮುಂದೆ ಅಳುವಾಗ ಅವನ ಕಣ್ಣಲ್ಲಿ ಒಂದು ಕ್ಷಣ ನೀಲಿ ಬೆಳಕು ಮಿಂಚುತ್ತದೆ, ಅಷ್ಟೇ ಸುಳಿವು. ಎರಡನೇ ದಿನ ರೀಲು ಸರಿಯಾಗಿ ಅಲ್ಲೇ ಹರಿಯಿತು. ಇವರು ಹಾಳಾದ ತುಂಡನ್ನು ಕತ್ತರಿಸಿ ಅಂಟಿಸಿದರು, ಮಿಂಚೂ ಹೋಯಿತು. ಆಮೇಲೆ ಊರಿಗೆ ಊರೇ ನಾಯಕ ಮನುಷ್ಯನೆಂದು ಮೂಗು ಒರೆಸಿಕೊಂಡು ಹೊರಬಂತು!

ಮೊದಲ ದಿನವೇ ಮಿಂಚು ಕಂಡಿದ್ದ ನಾನು ಬಿಡಲಿಲ್ಲ. ವರ್ಷಗಟ್ಟಲೆ ಮನೆಯಲ್ಲಿ ಅದೇ ಜಗಳ. “ಇನ್ನೊಬ್ಬರ ನೋವಿಗೆ ಅಳೋನು ಮನುಷ್ಯನೇ ಕಣೇ,” ಎನ್ನುತ್ತಿದ್ದರು. “ಅಳೋದು ಕಲಿಸಿದ್ರೆ ಯಂತ್ರಾನೂ ಅಳತ್ತೆ,” ಎನ್ನುತ್ತಿದ್ದೆ. ಪಾತ್ರೆ ಒರೆಸುತ್ತಾ ಆಡುವ ತಮಾಷೆಯ ಜಗಳ.

ಈಗ ಅವರಿಗೆ ಮಿದುಳಿನ ಕಾಯಿಲೆ. ಫೋಟೋದಲ್ಲಿ ನಿನ್ನನ್ನು ಗುರುತಿಸುತ್ತಾರೆ, ಹಾಲಿನವನನ್ನು ಹೆಸರು ಹಿಡಿದು ಕರೆಯುತ್ತಾರೆ. ನನ್ನೊಬ್ಬಳನ್ನು ಒಪ್ಪುವುದಿಲ್ಲ. ನಾನು ಅವರ ಹೆಂಡತಿಯ ಹಾಗೆ ಮಾಡಿಟ್ಟ ಯಂತ್ರವಂತೆ. ಅವರು ನನ್ನನ್ನು ಮೊದಲ ಸಲ ಪ್ರೊಜೆಕ್ಟರ್ ಕೋಣೆಗೆ ಕರೆದು ಸೀಳು ಬಿಟ್ಟ ಲೋಟದಲ್ಲಿ ಚಹಾ ಕೊಟ್ಟದ್ದನ್ನೆಲ್ಲ ನೆನಪಿಸಿದೆ. “ಎಲ್ಲಾ ಚೆನ್ನಾಗಿ ತುಂಬಿಸಿದ್ದಾರೆ,” ಎಂದು ತಲೆದೂಗಿದರು. ಹೋದ ತಿಂಗಳು ಒಂದು ದಿನ ತಡೆಯಲಾರದೆ ಅವರೆದುರೇ ಅತ್ತುಬಿಟ್ಟೆ. ಹತ್ತಿರ ಬಂದು ನನ್ನ ಕಣ್ಣೊಳಗೆ ಇಣುಕಿದರು. “ಅಳೋದು ಕಲಿಸಿದ್ರೆ ಯಂತ್ರಾನೂ ಅಳತ್ತೆ. ನನ್ನ ಹೆಂಡ್ತೀನೇ ಹೇಳ್ತಿದ್ಲು,” ಎಂದರು. ನಾನು ತೋಡಿದ ಹಳ್ಳಕ್ಕೆ ನಾನೇ ಬಿದ್ದೆ ನೋಡು.

“ಇದು ವಾಸಿಯಾಗೋದಲ್ಲಮ್ಮ, ವಾದ ಮಾಡ್ಬೇಡಿ,” ಎಂದರು ಡಾಕ್ಟರು. ವಾದ ಮಾಡದೆ ನಾವಿಬ್ಬರೂ ಬಾಳಿದ್ದಾದರೂ ಯಾವಾಗ?

ನಿನ್ನ ಹೊಟ್ಟೆ ತಣ್ಣಗಿರಲಿ. ಮಕ್ಕಳು, ಮೊಮ್ಮಗಳು ನೂರು ಕಾಲ ಬಾಳಲಿ. ಮಂಡಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ.

ನಿನ್ನ
ಅಕ್ಕ

ಇನ್ನೊಂದು ಮಾತು: ಬರುತ್ತೇನೆಂದು ಬರೆದಿದ್ದೀಯ, ಬಾ. ಹೋದ ವಾರ ಅವರು ಎರಡು ದಿನ ನನ್ನ ಕೈಯಿಂದ ಏನೂ ತಿನ್ನಲಿಲ್ಲ. “ಅವಳನ್ನ ಎಲ್ಲಿಟ್ಟಿದ್ದೀರಿ? ಅವಳದು ಊಟ ಆಯ್ತಾ?” ಎಂದು ಕೈಮುಗಿದರು. ಸೋತುಹೋದೆ. “ಹೌದು, ನಾನು ಯಂತ್ರ. ಅವರು ಚೆನ್ನಾಗಿದ್ದಾರೆ, ಊಟ ಆಯ್ತು,” ಎಂದೆ. ಕೂಡಲೇ ತಟ್ಟೆ ಎಳೆದುಕೊಂಡರು. ಈಗ ದಿನವೂ ಹಾಗೆ ಹೇಳಿದರೆ ಮಾತ್ರ ಉಣ್ಣುತ್ತಾರೆ. ಅದಕ್ಕೇ, ನೀನು ಬಂದಾಗ ಅವರೆದುರು ನನ್ನನ್ನು ಅಕ್ಕಾ ಎಂದು ಕರೆಯಬೇಡ.