ನಿಮ್ಮ ಹಳೆಯ ನಾಲ್ಕು ಗಾಲಿಗಳನ್ನು ಗುಜರಿಗೆ ಹಾಕಬೇಡಿ

ಮೇ ೬೧, ೨೨೧೯
ಗಾಲಿಮನೆ, ಹಾಸನದ ಪೂರ್ವಕ್ಕೆ, ನೆಲದ ಕೆಳಗೆ

ಡಾಕ್ಟರ್ ಪ್ರಫುಲ್ಲಾ ಅವರಿಗೆ,

ತಾರೀಖು ನೋಡಿ ಕೈತಪ್ಪು ಅಂದುಕೊಳ್ಳಬೇಡಿ. ಬಿಸಿಲು ಇಳಿಯುವ ತನಕ ನಾವು ಮೇ ತಿಂಗಳನ್ನು ಮುಗಿಸುವುದಿಲ್ಲ. ಹೋದ ವರ್ಷದ ಮೇ ತಿಂಗಳಿಗೆ ಎಂಬತ್ತೆಂಟು ದಿನವಿತ್ತು. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮೆಯಿರಲಿ. ನಿಮ್ಮ ಕಾಲದ ಪುಟಗಳನ್ನು ಓದಿ ಓದಿ ನಿಮ್ಮ ಹಾಗೆ ಬರೆಯುವುದನ್ನು ಕಲಿತಿದ್ದೇನೆ, ಆದರೂ ನಮ್ಮ ಮಾತುಗಳು ಅಲ್ಲಲ್ಲಿ ನುಸುಳುತ್ತವೆ. ಅಂಥ ಕಡೆ ಅರ್ಥ ಹೇಳುತ್ತಾ ಹೋಗುತ್ತೇನೆ. ದಯವಿಟ್ಟು ಕೊನೆಯ ತನಕ ಓದಿ. ನೀವು ನಡುವೆ ಎದ್ದು ಹೋದರೆ ನನ್ನ ಮಗಳು ಸಾಯುತ್ತಾಳೆ.

ನನ್ನ ಹೆಸರು ಒರತೆ. ಈಗ ಇಲ್ಲದ ವಸ್ತುಗಳ ಹೆಸರನ್ನು ಮಕ್ಕಳಿಗೆ ಇಡುವುದು ನಮ್ಮಲ್ಲಿ ರೂಢಿ. ನನ್ನ ಮಗಳು ಇಬ್ಬನಿ, ಒಂಬತ್ತು ವರ್ಷ. ನನ್ನ ಜೊತೆ ಕೆಲಸ ಮಾಡುವವನು ಸೋನೆಪ್ಪ, ಅವನ ಮೇಲೆ ಸೋನೆ ಮಳೆ ಬಿದ್ದದ್ದನ್ನು ಯಾರೂ ಕಂಡಿಲ್ಲ. ನಾವಿಬ್ಬರೂ ಗಾಲಿಗಾರರು. ನಿಮ್ಮ ಕಾಲದವರು ಬಿಟ್ಟುಹೋದ ಗಾಡಿಗಳನ್ನು ಹುಡುಕಿ ತಂದು, ಎಣ್ಣೆಯ ಎಂಜಿನ್ ಕಿತ್ತು, ಬಿಸಿಲಿನಿಂದ ತುಂಬಿಸಿದ ಬ್ಯಾಟರಿ ಕೂರಿಸಿ ಓಡಿಸುತ್ತೇವೆ. ಹಳೆಯ ರಬ್ಬರ್ ಪಟ್ಟಿಗಳನ್ನು ಒಂದರ ಮೇಲೊಂದು ಹೊಲಿದು ಟೈರು ಮಾಡಿಕೊಳ್ಳುತ್ತೇವೆ. ಬೆಳಗಿನ ಎರಡು ಗಂಟೆ ಮಾತ್ರ ನೆಲದ ಮೇಲಿರುತ್ತೇವೆ, ಆಮೇಲೆ ಎಲ್ಲರೂ ಕೆಳಗೆ. ಅಡುಗೆಯೂ ಬಾಗಿಲ ಹತ್ತಿರದ ಕಲ್ಲಿನ ಮೇಲೇ ಆಗುತ್ತದೆ. ರೊಟ್ಟಿ ತಟ್ಟಿ ಹಾಕಿ ಬಂದರೆ ಬಿಸಿಲೇ ಬೇಯಿಸುತ್ತದೆ, ತೆಗೆಯುವುದು ಒಂದು ನಿಮಿಷ ತಡವಾದರೆ ಕರಿಕು. ಇದನ್ನೆಲ್ಲ ಕೊಚ್ಚಿಕೊಳ್ಳಲು ಹೇಳುತ್ತಿಲ್ಲ. ನಾವು ತೀರಾ ಕೈಲಾಗದವರಲ್ಲ ಅನ್ನುವುದು ನಿಮಗೆ ತಿಳಿದಿರಲಿ, ಅಷ್ಟೇ. ಎಲ್ಲವನ್ನೂ ಮಾಡಿ ನೋಡಿಯೇ ನಿಮ್ಮ ಹತ್ತಿರ ಬಂದಿದ್ದೇನೆ.

ನಿಮ್ಮ ಕೆಂಪು ಕಾರು ನನ್ನ ಹತ್ತಿರವಿದೆ. ಎರಡೇ ಸೀಟು, ಮೇಲೆ ಬಟ್ಟೆಯ ಮುಚ್ಚಿಗೆ, ಮೂತಿಯಲ್ಲಿ ಮಡಿಸಿ ಇಳಿಯುವ ದೀಪ. ಕುಸಿದ ಕಟ್ಟಡವೊಂದರ ಕೆಳಮಾಳಿಗೆಯಲ್ಲಿ ಹೊದಿಕೆ ಹೊದ್ದು ನಿಂತಿತ್ತು. ಅದರ ನಂಬರನ್ನು ಹಿಡಿದು ಪುಟಗಣಜದಲ್ಲಿ ಹುಡುಕಿದೆ. ನಿಮ್ಮ ಕಾಲದಲ್ಲಿ ಜನ ಬರೆದು ಹಾಕಿದ ಪುಟಗಳನ್ನೆಲ್ಲ ಯಾರೋ ಪುಣ್ಯಾತ್ಮರು ತುಂಬಿಟ್ಟ ಯಂತ್ರ ಅದು, ಧಾನ್ಯದ ಗಣಜದ ಹಾಗೆ. ಅಲ್ಲಿ ನೀವು ಸಿಕ್ಕಿದಿರಿ. ಒಂದು ಮಂಗಳವಾರ, ಕಾರು ಪ್ರಿಯರು ಕೂಡುವ ಪುಟದಲ್ಲಿ ನೀವು ಬರೆದದ್ದು ಇದು: “ನಾನು ಹಲ್ಲಿನ ಡಾಕ್ಟ್ರು, ವಯಸ್ಸು ಐವತ್ತೆರಡು, ನಗಬೇಡಿ. ಮೊದಲ್ನೇ ಸಲ ನನಗೋಸ್ಕರ ಅಂತ ಒಂದು ಕಾರು ತಗೊಂಡಿದ್ದೀನಿ. ಗಾಲಿ ಬದಲಾಯಿಸ್ಬೇಕು. ಎರಡು ಸೆಟ್ ನೋಡಿದ್ದೀನಿ. ಒಂದು ಪ್ಲಸ್ ಮೂವತ್ತೆಂಟು, ಇನ್ನೊಂದು ಮೈನಸ್ ಹತ್ತು. ನನಗೆ ಎರಡನೇದೇ ಇಷ್ಟ. ನಮ್ಮೂರಲ್ಲಿ ಕೇಳೋಕೆ ಯಾರೂ ಇಲ್ಲ. ಯಾವ್ದು ಹಾಕ್ಸಲಿ? ದಯವಿಟ್ಟು ಯಾರಾದ್ರೂ ಹೇಳಿ.”

ನೋಡಿದವರು ನಾನೂರ ಹನ್ನೆರಡು, ಉತ್ತರಗಳು ಸೊನ್ನೆ ಅಂತ ಕೆಳಗೆ ಬರೆದಿದೆ. ನನಗೆ ಮೈ ಉರಿದುಹೋಯಿತು. ನಾನೂರ ಹನ್ನೆರಡು ಜನರಲ್ಲಿ ಒಬ್ಬರಿಗಾದರೂ ಬಾಯಿ ಇರಲಿಲ್ಲವೇ? ಶುಕ್ರವಾರ ನೀವೇ ಒಂದು ಸಾಲು ಸೇರಿಸಿದ್ದೀರಿ: “ಯಾರೂ ಹೇಳ್ಲಿಲ್ಲ. ಇರ್ಲಿ. ಭಾನುವಾರ ಎರಡನೇದನ್ನೇ ಹಾಕಿಸ್ಕೋತೀನಿ. ಹಳೇ ನಾಲ್ಕನ್ನ ಅವತ್ತೇ ಗುಜರಿಗೆ ಹಾಕ್ಬಿಡ್ತೀನಿ.” ಅಲ್ಲಿಗೆ ಪುಟ ಮುಗಿಯಿತು. ಅದರ ಕೆಳಗೆ ಉತ್ತರ ಬರೆಯುವ ಖಾಲಿ ಚೌಕ ಇನ್ನೂ ಇದೆ. ನಾನು ಬರೆಯುತ್ತಿರುವುದು ಅದರಲ್ಲಿ. ಸೋನೆಪ್ಪ ಬೆನ್ನ ಹಿಂದೆ ನಿಂತು, “ಸತ್ತು ಇನ್ನೂರು ವರ್ಷ ಆದೋರ್ಗೆ ಕಾಗ್ದ ಬರೀತಿದೀಯಲ್ಲ ಒರತಕ್ಕ, ಬಿಸ್ಲು ತಲೆಗೇರ್ತಾ?” ಅಂದ. ಏರಿರಬಹುದು. ಬೇರೆ ಕೆಲಸ ಉಳಿದಿದ್ದರೆ ನಾನು ಅದನ್ನೇ ಮಾಡುತ್ತಿದ್ದೆ.

ನಮ್ಮ ಗುಡ್ಡದ ಆಚೆ ಬದಿಯಲ್ಲಿ ಒಂದು ತಂಪುಶಾಲೆ ಇದೆ. ಮೇ ತಿಂಗಳು ಶುರುವಾಗುವ ಮೊದಲು ಮಕ್ಕಳನ್ನು ಅಲ್ಲಿಗೆ ಕಳಿಸುತ್ತೇವೆ, ಬಂಡೆಯ ಆಳದಲ್ಲಿ ಬಾವಿಯೂ ಕೋಣೆಗಳೂ ಇರುವುದರಿಂದ ಅವರು ಅಲ್ಲಿ ಸುಖವಾಗಿರುತ್ತಾರೆ. ಈಗ ಅಲ್ಲಿ ಇಬ್ಬನಿಯೂ ಸೇರಿ ಹನ್ನೊಂದು ಮಕ್ಕಳು, ಒಬ್ಬ ಮೇಷ್ಟ್ರು. ಒಂಬತ್ತು ದಿನಗಳ ಹಿಂದೆ ಬಾವಿಯ ಪಂಪು ಸುಟ್ಟುಹೋಯಿತು. ತೊಟ್ಟಿಯಲ್ಲಿ ಇವತ್ತೂ ಸೇರಿ ನಾಲ್ಕು ದಿನದ ನೀರಿದೆ. ಪಂಪಿಗೆ ಹೊಸ ಮೋಟಾರು ನಾವು ತಂತಿ ಸುತ್ತಿ ಸಿದ್ಧ ಮಾಡಿದ್ದೇವೆ, ತೊಂಬತ್ತು ಕಿಲೋ, ನನ್ನ ಕಾಲ ಬುಡದಲ್ಲೇ ಕೂತಿದೆ. ಗುಡ್ಡ ಬಳಸಿ ಹೋಗಲು ರಸ್ತೆ ಉಳಿದಿಲ್ಲ, ಗಾಡಿಯಲ್ಲೂ ಎರಡು ದಿನ ಬೇಕು, ಈ ತಿಂಗಳಲ್ಲಿ ಅರ್ಧ ದಿನ ಹೊರಗಿದ್ದವರು ಉಳಿದಿಲ್ಲ, ಕತ್ತಲಾದರೂ ನೆಲ ಆರುವುದಿಲ್ಲ. ಉಳಿದ ದಾರಿ ನಿಮ್ಮ ಕಾಲದವರು ಗುಡ್ಡದೊಳಗೆ ಕೊರೆದ ಕಾಲುವೆಯ ಸುರಂಗ. ಹನ್ನೊಂದು ಕಿಲೋಮೀಟರು. ಒಳಗಿನ ಗಾಳಿ ಕೆಟ್ಟಿದೆ. ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಚೀಲ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬರುವುದಿಲ್ಲ. ಎರಡು ಗಾಲಿಯ ಗಾಡಿಗೆ ಮೋಟಾರು ಕಟ್ಟಿಕೊಂಡು ಸೋನೆಪ್ಪನ ಅಣ್ಣ ಹೊರಟ. ಒಳಗೆ ನೆಲದ ತುಂಬ ಜಾರುವ ಕೆಸರು, ಗಾಡಿ ಮಗುಚಿತು, ಅವನು ಏಳುವಷ್ಟರಲ್ಲಿ ಗಾಳಿಚೀಲ ಬರಿದಾಯಿತು. ಮೋಟಾರನ್ನು ಹಗ್ಗ ಹಾಕಿ ಹಿಂದಕ್ಕೆ ಎಳೆದುಕೊಂಡೆವು. ಅಣ್ಣ ಮಾತ್ರ ಹೆಣವಾಗಿ ಬಂದ.

ನಿಮ್ಮ ಕಾರು ಹದಿನಾಲ್ಕು ನಿಮಿಷದಲ್ಲಿ ಆಚೆ ತಲುಪಬಲ್ಲದು. ಲೆಕ್ಕ ಹಾಕಿದ್ದೇನೆ, ಮೇಲೆ ಬಯಲಲ್ಲಿ ಓಡಿಸಿಯೂ ನೋಡಿದ್ದೇನೆ. ಆದರೆ ಸುರಂಗದ ನಡುವೆ ಒಂದು ಕಡೆ ಗುಡ್ಡವನ್ನು ಹೊತ್ತು ನಿಂತ ಉಕ್ಕಿನ ಕಮಾನುಗಳಿವೆ. ಅಲ್ಲಿ ಅಗಲ ಒಂದು ಮೀಟರು ಎಪ್ಪತ್ತೆರಡು ಸೆಂಟಿಮೀಟರು. ನಮ್ಮ ಬೇರೆ ಗಾಡಿಗಳೆಲ್ಲ ಆನೆಯಂಥವು, ಅವುಗಳ ಮಾತು ಬಿಡಿ. ನಿಮ್ಮ ಕಾರಿನ ಮೈ ಒಂದು ಅರವತ್ತೇಳು, ಸಲೀಸಾಗಿ ಹೋಗುತ್ತದೆ. ಗಾಲಿಗಳು ಹೋಗುವುದಿಲ್ಲ. ಗಾಲಿಯಿಂದ ಗಾಲಿಗೆ ಒಂದು ಎಪ್ಪತ್ತೈದು. ಒಂದೊಂದು ಬದಿಗೆ ಒಂದೂವರೆ ಸೆಂಟಿಮೀಟರು ಹೆಚ್ಚು, ಸರಿಯಾಗಿ ನನ್ನ ಕಿರುಬೆರಳಿನ ದಪ್ಪ. ಹದಿನಾಲ್ಕು ಸಲ ಅಳೆದಿದ್ದೇನೆ ಡಾಕ್ಟರೇ. ಬೆರಳು ಸಣ್ಣದಾಗಲಿಲ್ಲ.

ಆ ಮೈನಸ್ ಹತ್ತು ಅಂದರೆ ಏನೆಂದು ನಿಮಗೆ ಯಾರೂ ಹೇಳಲಿಲ್ಲವಲ್ಲ, ನಾನು ಹೇಳುತ್ತೇನೆ. ಅದರ ಹೆಸರು ಆಫ್‌ಸೆಟ್. ಗಾಲಿಯ ಅಗಲದ ನಟ್ಟನಡುವೆ ಒಂದು ಗೆರೆ ಎಳೆದುಕೊಳ್ಳಿ. ಗಾಲಿ ಕಾರಿಗೆ ಅಂಟಿಕೊಳ್ಳುವ ಮುಖ ಆ ಗೆರೆಯಿಂದ ಹೊರಬದಿಗಿದ್ದರೆ ಪ್ಲಸ್, ಆಗ ಗಾಲಿ ಕಾರಿನ ಹೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಒಳಬದಿಗಿದ್ದರೆ ಮೈನಸ್, ಗಾಲಿ ಆಚೆ ಇಣುಕುತ್ತದೆ. ನಮ್ಮಲ್ಲಿ ಈ ಮಾತು ಮನುಷ್ಯರಿಗೂ ಬಂದಿದೆ. ಗುಂಪಿನಲ್ಲಿ ಮುಂದೆ ನುಗ್ಗಿ ಮಾತಾಡುವವರನ್ನು ಮೈನಸ್ಸು ಅನ್ನುತ್ತೇವೆ, ನನ್ನನ್ನು ಚಿಕ್ಕಂದಿನಿಂದಲೂ ಹಾಗೇ ಕರೆಯುತ್ತಾರೆ. ಇಣುಕುವ ಗಾಲಿಯ ಅಂಚನ್ನು ಕೊಯ್ಯೋಣವೆಂದರೆ ಆಮೇಲೆ ಟೈರು ನಿಲ್ಲುವುದಿಲ್ಲ. ಬೇರೆ ಗಾಡಿಗಳ ಗಾಲಿಗೆ ಐದು ಬೋಲ್ಟು, ನಿಮ್ಮದಕ್ಕೆ ನಾಲ್ಕು, ಮತ್ತು ಅವು ಈ ಕಾರಿನ ಗಾಲಿಗೂಡಿನೊಳಗೆ ಕೂರುವುದೇ ಇಲ್ಲ. ನಾವೇ ಎರಡು ಸಲ ಎರಕ ಹೊಯ್ದೆವು. ಮೊದಲನೆಯದು ನಟ್ಟು ಬಿಗಿಯುವಾಗಲೇ ಸೀಳಿತು, ಎರಡನೆಯದು ಮೋಟಾರಿನ ಭಾರಕ್ಕೆ ಹೋಳಾಯಿತು. ಉಕ್ಕಿನ ಕಮಾನು ಕತ್ತರಿಸೋಣ ಅಂದವರೂ ಇದ್ದಾರೆ. ಹಿಂದೊಮ್ಮೆ ಬೇರೊಂದು ಸುರಂಗದಲ್ಲಿ ಒಂದನ್ನು ಕತ್ತರಿಸಿದಾಗ ಇಡೀ ಛಾವಣಿ ಕೆಳಗೆ ಬಂದಿತ್ತು.

ಈ ಕಾಗದವನ್ನು ನಿನ್ನೆ ಬರೆಯಲು ಕೂತಾಗ ನಾನು ಕೇಳಬೇಕೆಂದಿದ್ದದ್ದು ಬೇರೆ. ಪ್ಲಸ್ ಮೂವತ್ತೆಂಟನ್ನೇ ಹಾಕಿಸಿಕೊಳ್ಳಿ ಅಂತ ಕಾಲು ಹಿಡಿಯುವುದಿತ್ತು. ಬೈಯುವುದೂ ಇತ್ತು, ಸುಳ್ಳು ಯಾಕೆ. ಬರೆದದ್ದನ್ನು ಅಳಿಸಿಬಿಟ್ಟೆ. ಯಾಕೆಂದರೆ ಆ ಗಾಲಿಗಳು ನನ್ನ ಕಣ್ಣೆದುರಿಗಿವೆ. ಮುಟ್ಟಿದರೆ ತಣ್ಣಗೆ ಕೈಗೆ ಸಿಗುತ್ತವೆ. ನೀವು ಹಾಕಿಸಿಕೊಂಡಾಗಿದೆ. ಆಗಿಹೋದದ್ದನ್ನು ನಾನು ಬೇಡಿಕೊಂಡು ಆಗಲಿಲ್ಲ ಅನ್ನಿಸಲಾರೆ. ಇನ್ನೂ ಒಂದು ಮಾತು, ಗಾಲಿಗಾರ್ತಿಯಾಗಿ ಹೇಳುತ್ತೇನೆ: ಅವು ಚೆನ್ನಾಗಿವೆ. ಐದೇ ಕಡ್ಡಿ, ಅಂಚಿನ ತಗ್ಗಿನಲ್ಲಿ ಒಂದು ಲೋಟ ನೀರು ನಿಲ್ಲಿಸಬಹುದು. ನಿಮ್ಮ ಆಯ್ಕೆಯಲ್ಲಿ ತಪ್ಪಿಲ್ಲ. ನಿಮಗೆ ಬೇಕಾದದ್ದನ್ನು ನೀವು ಆರಿಸಿಕೊಂಡಿರಿ, ಅಂಥ ಭಾನುವಾರ ಎಲ್ಲರಿಗೂ ಒಂದಾದರೂ ಬರಬೇಕು.

ನನಗೆ ಬೇಕಾದದ್ದು ನೀವು ಬಿಚ್ಚಿ ಎಸೆಯುವ ಹಳೆಯ ನಾಲ್ಕು. ಕಾರಿನ ಜೊತೆ ಹುಟ್ಟಿದ ಗಾಲಿಗಳು, ಅಂದವಿಲ್ಲ, ಆದರೆ ಮೈಯೊಳಗೆ ಅಡಗಿ ಕೂರುತ್ತವೆ. ಅವನ್ನು ಗುಜರಿಗೆ ಹಾಕಿದಿರೋ ಇಲ್ಲವೋ ಯಾವ ಪುಟದಲ್ಲೂ ಬರೆದಿಲ್ಲ. ಹಾಕುತ್ತೇನೆ ಅಂದಿರಿ, ಹಾಕಿದೆ ಅನ್ನಲಿಲ್ಲ. ನಿಮ್ಮ ಪ್ರಶ್ನೆಯ ಜೊತೆ ಒಂದು ಫೋಟೋ ಇದೆ, ಕಾರು ಒಂದು ವೀರಗಲ್ಲಿನ ಪಕ್ಕ ನಿಂತಿದೆ. ಕುದುರೆ ಮೇಲೆ ಕತ್ತಿ ಎತ್ತಿದ ವೀರ, ಕುದುರೆಯ ಒಂದು ಕಿವಿ ಮುರಿದಿದೆ. ಆ ಕಲ್ಲು ನಮ್ಮ ಪೂರ್ವದ ಬಾಗಿಲಿನಿಂದ ನೂರು ಹೆಜ್ಜೆ. ನಾವು ರೊಟ್ಟಿ ಹಾಕುವುದು ಅದರ ಮುಂದಿನ ಚಪ್ಪಡಿಯ ಮೇಲೆ. ಕಲ್ಲಿನ ಬೆನ್ನ ಹಿಂದಿನ ನೆಲವನ್ನು ನನಗೆ ತಿಳಿದ ಮಟ್ಟಿಗೆ ಯಾರೂ ಅಗೆದಿಲ್ಲ. ಬೆಳಗ್ಗೆ ಸೋನೆಪ್ಪ ಹಾರೆ ಹಿಡಿದು ಹೊರಟಾಗ ನಾನೇ ಕೈ ಹಿಡಿದು ನಿಲ್ಲಿಸಿದೆ. ಮೊದಲು ಕೇಳೋಣ, ಆಮೇಲೆ ಅಗೆಯೋಣ ಅಂದೆ. ಅಗೆಯದ ನೆಲದಲ್ಲಿ ಏನೂ ಇಲ್ಲ ಅಂತ ಯಾರಿಗೂ ಹೇಳಲು ಬರುವುದಿಲ್ಲ. ನಿಮ್ಮ ಗಾಲಿಗಳ ವಿಷಯ ತೀರ್ಮಾನವಾಗಿದೆ, ಆ ನೆಲದ ವಿಷಯ ಇನ್ನೂ ಆಗಿಲ್ಲ. ನನಗೆ ಉಳಿದಿರುವ ಜಾಗ ಅಷ್ಟೇ.

ಆದ್ದರಿಂದ ಭಾನುವಾರ ಹೀಗೆ ಮಾಡಿ. ಹೊಸ ಗಾಲಿ ಹಾಕಿಸಿಕೊಂಡು ಖುಷಿಯಿಂದ ಒಂದು ಸುತ್ತು ಹೊಡೆಯಿರಿ. ಹಳೆಯ ನಾಲ್ಕರಿಂದ ಟೈರು ಬಿಚ್ಚಿಸಿ, ಟೈರು ನಮಗೆ ಬೇಡ. ಗಾಲಿಗಳಿಗೆ ದಪ್ಪಗೆ ಗ್ರೀಸು ಬಳಿಯಿರಿ. ಒಂದೊಂದನ್ನೂ ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಬಿಗಿಯಾಗಿ ಕಟ್ಟಿ. ಪ್ಲಾಸ್ಟಿಕ್ ಕೊಳೆಯುವುದಿಲ್ಲ ಅಂತ ನಿಮ್ಮ ಕಾಲದವರು ಗೋಳಾಡಿದ್ದನ್ನು ತುಂಬ ಓದಿದ್ದೇನೆ, ಈ ಒಂದು ಸಲ ಅದು ಕೊಳೆಯದಿರಲಿ. ಹಳೆಯ ಹದಿನಾರು ನಟ್ಟುಗಳನ್ನು ಮರೆಯಬೇಡಿ, ಹೊಸ ಗಾಲಿಯ ನಟ್ಟು ಇವಕ್ಕೆ ಕೂರುವುದಿಲ್ಲ. ವೀರಗಲ್ಲಿನ ಹಿಂದೆ, ಕುದುರೆಯ ಬಾಲದ ನೇರಕ್ಕೆ, ಸೊಂಟದ ಆಳ ಅಗೆಸಿ ಹೂತುಬಿಡಿ. ಯಾರಾದರೂ ಕೇಳಿದರೆ ಹಲ್ಲಿನ ಡಾಕ್ಟರಿಗೆ ಹುಚ್ಚು ಹಿಡಿದಿದೆ ಅಂದುಕೊಳ್ಳಲಿ. ಇಷ್ಟು ವರ್ಷ ಜನರ ಬಾಯೊಳಗೆ ಕೈಯಿಟ್ಟು ಬದುಕಿದವರು ನೀವು, ಅವರ ಬಾಯಿಗೆ ಹೆದರುವವರಲ್ಲ.

ನಿಮಗೆ ಇದರಿಂದ ಏನೂ ಸಿಗುವುದಿಲ್ಲ. ನನ್ನ ಹತ್ತಿರ ಕೊಡಲು ಏನೂ ಇಲ್ಲ. ನಾನು ಯಾರೋ, ಇಬ್ಬನಿ ಯಾರೋ. ತಂಪುಶಾಲೆಯ ಮೇಷ್ಟ್ರು ದಿನಕ್ಕೊಂದು ಸಲ ತಂತಿಯ ಮೇಲೆ ಮಕ್ಕಳನ್ನು ನಮ್ಮ ಜೊತೆ ಮಾತಾಡಿಸುತ್ತಾರೆ. ಇವತ್ತು ಅವಳ ದನಿ ಗೊರಗೊರ ಅನ್ನುತ್ತಿತ್ತು. ಬಾಯಾರಿಕೆಯಾ ಅಂತ ಕೇಳಿದೆ. ಇಲ್ಲ ಅಂದಳು, ಸುಳ್ಳು. ಆಮೇಲೆ, “ಅಮ್ಮಾ, ಕಾರು ರೆಡಿ ಆಯ್ತಾ?” ಅಂದಳು. ನನ್ನಿಂದ ತಡೆಯಲಾಗಲಿಲ್ಲ, ಆಯ್ತು ಕಣೇ ಅಂದುಬಿಟ್ಟೆ. ಆಚೆ ಕಡೆ ಹನ್ನೊಂದು ಮಕ್ಕಳೂ ಕೂಗಿಕೊಂಡದ್ದು ಕೇಳಿಸಿತು.

ಇನ್ನು ಬರೆಯುವುದು ಏನೂ ಇಲ್ಲ. ಇದನ್ನು ಕಳಿಸಿ, ಉತ್ತರಗಳ ಆ ಸೊನ್ನೆ ಒಂದಾಗುತ್ತದೆಯೇ ಅಂತ ನೋಡುತ್ತೇನೆ. ಆದರೂ ಆಗದಿದ್ದರೂ ಹಾರೆ ಹಿಡಿದು ಕಲ್ಲಿನ ಹಿಂದೆ ಹೋಗುತ್ತೇನೆ. ಡಾಕ್ಟರೇ, ಸುಳ್ಳನ್ನು ಆಗಲೇ ಹೇಳಿಯಾಗಿದೆ. ಭಾನುವಾರ ನೀವು ಅದನ್ನು ನಿಜ ಮಾಡಿಕೊಡಿ.

ನಿಮ್ಮ ಪ್ರಶ್ನೆಗೆ ತಡವಾಗಿ ಉತ್ತರಿಸಿದವಳು,
ಒರತೆ